ವಿಆರ್‌ನಲ್ಲಿ ಸ್ಪರ್ಶ: ಕಂಟ್ರೋಲರ್, ಗ್ಲೌಸ್, ನಿಜವಾದ ಪಾನಾ – ಯಾರಿಗೆ ಯಾವುದು?

ವರ್ಚುವಲ್ ರಿಯಾಲಿಟಿಯ (ವಿಆರ್) ಹೆಡ್‌ಸೆಟ್ ಕೊಂಡು ಕೆಲವು ತಿಂಗಳು ಕಳೆದ ಮೇಲೆ ಹೆಚ್ಚಿನವರನ್ನು ಒಂದೇ ಕೊರತೆ ಕಾಡತೊಡಗುತ್ತದೆ. ಕಣ್ಣಿಗೆ ಮೇಜು ಕಾಣುತ್ತದೆ, ಅದರ ಮೇಲೆ ಲೋಟ ಇಟ್ಟ ಸದ್ದು ಕಿವಿಗೆ ಕೇಳುತ್ತದೆ, ಕೈ ಚಾಚಿದರೆ ಮಾತ್ರ ಬರೀ ಗಾಳಿ. ಈ ಕೊರತೆಯನ್ನು ತುಂಬಲು ಏನು ಕೊಳ್ಳಬೇಕೆಂದು ಪುಣೆಯ ಕನ್ನಡ ಗೆಳೆಯರಲ್ಲಿ ಮೂವರು ಇತ್ತೀಚೆಗೆ ನನ್ನನ್ನು ಕೇಳಿದರು. ಒಬ್ಬ ಹಿಂಜವಡಿಯಲ್ಲಿ ಕೆಲಸಕ್ಕಿರುವ ಹುಬ್ಬಳ್ಳಿಯ ಹುಡುಗ. ಅವನಿಗೆ ಆಟಕ್ಕೆ ಬೇಕು. ಇನ್ನೊಬ್ಬರು ಚಾಕಣದ ಕಾರ್ಖಾನೆಯೊಂದರಲ್ಲಿ ತರಬೇತಿ ವಿಭಾಗ ನೋಡಿಕೊಳ್ಳುವ ಬೆಳಗಾವಿಯವರು. ಹೊಸದಾಗಿ ಸೇರಿದವರಿಗೆ ಬೋಲ್ಟ್ ಬಿಗಿಯುವುದನ್ನು ಕಲಿಸಲು ಅವರಿಗೆ ಬೇಕು. ಮೂರನೆಯವಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿನಿ. ಭೋಸರಿಯ ಒಂದು ಸಣ್ಣ ಕಚೇರಿಯಲ್ಲಿ ಕಾರ್ಖಾನೆಗಳಿಗಾಗಿ ವಿಆರ್ ಪಾಠಗಳನ್ನು ಸಿದ್ಧಪಡಿಸುವುದೇ ನನ್ನ ಉದ್ಯೋಗವಾದುದರಿಂದ ಇವುಗಳಲ್ಲಿ ಬಹಳಷ್ಟನ್ನು ನಾನು ಕೈಯಾರೆ ಬಳಸಿ ನೋಡಿದ್ದೇನೆ. ಆದರೂ ಮೂವರಿಗೂ ಒಂದೇ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಸ್ಪರ್ಶ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ನಿಜಕ್ಕೂ ಹಲವು ಅನುಭವಗಳ ಗಂಟು. ಜೋಳದ ರೊಟ್ಟಿ ಬಡಿಯುವವರ ಕೈಯನ್ನು ಹತ್ತಿರ ಕುಳಿತು ನೋಡಿದರೆ ಇದು ತಿಳಿಯುತ್ತದೆ. ಒಂದು ಕೈ ಬಡಿಯುತ್ತಿರುವಾಗಲೇ ಇನ್ನೊಂದು ಕೈಯ ಬೆರಳುಗಳು ಅಂಚನ್ನು ಸವರುತ್ತ ರೊಟ್ಟಿಯನ್ನು ತಿರುಗಿಸುತ್ತಿರುತ್ತವೆ. ಎಲ್ಲಿ ದಪ್ಪ ಉಳಿದಿದೆ, ಎಲ್ಲಿ ಬಿರಿಯಲಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಅಡಿಯಲ್ಲಿ ಒಣಹಿಟ್ಟು ಕಡಿಮೆಯಾದರೆ ರೊಟ್ಟಿ ತಿರುಗದೆ ಹಿಡಿದುಕೊಳ್ಳುತ್ತದೆ, ಆ ಎಳೆತ ಅಂಗೈಗೆ ಕೂಡಲೇ ತಿಳಿಯುತ್ತದೆ. ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ಬೆಚ್ಚನೆಯ ಹಸಿ ಬೇರೆ, ಪ್ರತಿ ಬಡಿತಕ್ಕೂ ಮಣೆ ಕೊಡುವ ಎದುರೇಟು ಬೇರೆ. ಇಷ್ಟೆಲ್ಲವನ್ನೂ ಒಟ್ಟಿಗೆ ಕೊಡಬಲ್ಲ ಯಂತ್ರ ಇಂದು ಮಾರುಕಟ್ಟೆಯಲ್ಲಿ ಯಾವ ಬೆಲೆಗೂ ಸಿಗುವುದಿಲ್ಲ.

ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಒತ್ತಡ, ಚಲನೆಗಳನ್ನು ಗುರುತಿಸುವ ನಾಲ್ಕು ಮುಖ್ಯ ಬಗೆಯ ಗ್ರಾಹಕಗಳಿವೆ. ಮರ್ಕೆಲ್ ಗ್ರಾಹಕಗಳು ನಿಂತ ಒತ್ತಡವನ್ನೂ ವಸ್ತುವಿನ ಅಂಚನ್ನೂ ಹೇಳುತ್ತವೆ. ಮೈಸ್ನರ್ ಗ್ರಾಹಕಗಳು ಹಿಡಿದದ್ದು ಜಾರುತ್ತಿದೆ ಎಂಬುದನ್ನು. ರಫಿನಿ ಗ್ರಾಹಕಗಳು ಚರ್ಮದ ಎಳೆತವನ್ನು. ಇನ್ನು ಪಸೀನಿಯನ್ ಗ್ರಾಹಕಗಳು ಕಂಪನವನ್ನು, ಅದರಲ್ಲೂ 200ರಿಂದ 300 ಹರ್ಟ್ಸ್ ಆಸುಪಾಸಿನ ಕಂಪನವನ್ನು, ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುತ್ತವೆ. ಇವುಗಳ ಹೊರತಾಗಿ ತೂಕವನ್ನೂ ಪ್ರತಿರೋಧವನ್ನೂ ತಿಳಿಸುವವು ಸ್ನಾಯು ಮತ್ತು ಕೀಲುಗಳು. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂದದ್ದು ಉಷ್ಣತೆ ಮತ್ತು ಸ್ಪರ್ಶಗಳು ನರಗಳಲ್ಲಿ ಹೇಗೆ ಸಂಕೇತವಾಗುತ್ತವೆ ಎಂಬ ಶೋಧಕ್ಕೆ. ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಕಂಪಿಸುವ ಮೋಟರ್ ಇರುವ ಸಾಧನಗಳೆಲ್ಲವೂ ಮುಖ್ಯವಾಗಿ ಪಸೀನಿಯನ್ ಗ್ರಾಹಕಗಳೊಂದಿಗೆ ಮಾತನಾಡುತ್ತವೆ, ಉಳಿದವುಗಳಿಗೆ ಅವು ಹೇಳುವುದು ತೀರ ಕಡಿಮೆ.

ಆದ್ದರಿಂದ ನನ್ನ ಮೊದಲ ಮಾನದಂಡ, ನಿಮ್ಮ ಕೆಲಸದಲ್ಲಿ ಕೈ ಏನು ಮಾಡಬೇಕು ಎಂಬುದು. ತಟ್ಟುವುದೆ, ಹಿಡಿಯುವುದೆ, ಎತ್ತುವುದೆ, ಸವರುವುದೆ, ಒತ್ತಿ ನಿಲ್ಲುವುದೆ? ಎರಡನೆಯದು ಹೊತ್ತು. ಬೆರಳು ವಸ್ತುವನ್ನು ಮುಟ್ಟಿದ್ದು ಕಣ್ಣಿಗೆ ಕಂಡು, ಸ್ಪರ್ಶವು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ಬಂದರೂ ಅದು ಆ ವಸ್ತುವಿನ ಸ್ಪರ್ಶವೆಂದು ಮನಸ್ಸು ಒಪ್ಪುವುದಿಲ್ಲ. ಮೂರನೆಯದು ಕಣ್ಣಿನೊಂದಿಗೆ ಹೊಂದಿಕೆ, ಮತ್ತು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಇದೇ. 2018ರಲ್ಲಿ ಸಂಶೋಧಕರ ತಂಡವೊಂದು ತೋರಿಸಿಕೊಟ್ಟ ಪ್ರಕಾರ, ಕೈಗೆ ಸಿಗುವ ಸ್ಪರ್ಶ ಹೆಚ್ಚು ವಿವರವಾದಾಗ ಕಣ್ಣಿಗೆ ಅದಕ್ಕೆ ತಕ್ಕ ಕಾರಣ ಕಾಣದಿದ್ದರೆ, ನಂಬಿಕೆ ಏರುವ ಬದಲು ಇಳಿಯುತ್ತದೆ. ಹೆಚ್ಚು ಸ್ಪರ್ಶ ಎಂದರೆ ಹೆಚ್ಚು ನೈಜ ಎಂಬ ಲೆಕ್ಕದಲ್ಲಿ ಲಕ್ಷಗಟ್ಟಲೆ ಸುರಿಯುವ ಮೊದಲು ಈ ಮಾತನ್ನು ಗಟ್ಟಿಯಾಗಿ ನೆನಪಿಡಬೇಕು.

ಉಳಿದ ಎರಡು ಮಾನದಂಡಗಳು ವ್ಯವಹಾರದವು. ದಿನಕ್ಕೆ ಎಷ್ಟು ಜನ, ಎಷ್ಟು ಹೊತ್ತು ತೊಡುತ್ತಾರೆ? ಪುಣೆಯ ಮೇ ತಿಂಗಳ ಸೆಕೆಯಲ್ಲಿ ಒಬ್ಬರ ಬೆವರು ಆರುವ ಮೊದಲೇ ಇನ್ನೊಬ್ಬರು ಅದೇ ಗ್ಲೌಸ್‌ಗೆ ಕೈ ತೂರಿಸುವುದು ಯಾರಿಗೂ ಹಿತವಲ್ಲ. ಮಳೆಗಾಲದಲ್ಲಂತೂ ಬಟ್ಟೆಯ ಗ್ಲೌಸ್ ಒಣಗುವುದೇ ಇಲ್ಲ. ಇನ್ನು ಹಣದ ವಿಷಯದಲ್ಲಿ ಸಾಧನದ ಬೆಲೆಯೊಂದನ್ನೇ ನೋಡಬಾರದು. ಆಮದು ಸುಂಕ, ತೆರಿಗೆ, ಕೆಟ್ಟರೆ ವಿದೇಶಕ್ಕೆ ಕಳಿಸಿ ತರಿಸಿಕೊಳ್ಳುವ ಖರ್ಚು, ಅಷ್ಟು ದಿನ ನಿಂತು ಹೋಗುವ ಕೆಲಸ, ನಿಮ್ಮ ಸಾಫ್ಟ್‌ವೇರ್ ಆ ಸಾಧನವನ್ನು ಗುರುತಿಸುವಂತೆ ಮಾಡಲು ಪ್ರೋಗ್ರಾಮರ್‌ಗೆ ಕೊಡುವ ಸಂಬಳ, ಇವೆಲ್ಲವನ್ನೂ ಕೂಡಿಸಿಯೇ ಬೆಲೆ ಎನ್ನಬೇಕು.

ಕೈಯಲ್ಲಿರುವ ಕಂಟ್ರೋಲರ್

ಹೆಡ್‌ಸೆಟ್ ಜೊತೆಗೇ ಬರುವ ಕಂಟ್ರೋಲರನ್ನು ಜನ ಬೇಗ ತಿರಸ್ಕರಿಸುತ್ತಾರೆ, ಅದು ಸರಿಯಲ್ಲ. ಹಳೆಯ ಸಾಧನಗಳಲ್ಲಿ ಒಂದು ಕಡೆ ಭಾರ ಹೆಚ್ಚಿರುವ ತಿರುಗುವ ಮೋಟರ್ ಇರುತ್ತಿತ್ತು. ಅದು ವೇಗ ಪಡೆಯಲು ಹೊತ್ತು ಹಿಡಿಯುತ್ತಿತ್ತು, ಮತ್ತು ಕಂಪನದ ಬಲ ಹೆಚ್ಚಿದಂತೆ ಅದರ ಆವರ್ತನವೂ ಏರುತ್ತಿತ್ತು. ಈಗಿನ ಉತ್ತಮ ಕಂಟ್ರೋಲರುಗಳಲ್ಲಿ ಹಿಂದೆ ಮುಂದೆ ಚಲಿಸುವ ಮೋಟರ್ ಇರುವುದರಿಂದ ಚಿಕ್ಕ, ಚುರುಕಾದ ತಟ್ಟನ್ನು ಕೊಡಲು ಸಾಧ್ಯವಾಗುತ್ತದೆ. ಪ್ಲೇಸ್ಟೇಷನ್ ವಿಆರ್2ರ ಕಂಟ್ರೋಲರಿನಲ್ಲಿ ಬೆರಳಿಗೆ ಎದುರು ಒತ್ತಡ ಕೊಡುವ ಟ್ರಿಗರ್ ಕೂಡ ಇದೆ, ಬಿಲ್ಲಿನ ಹೆದೆ ಎಳೆದಾಗ ಅದು ಬಿಗಿಯಾಗುತ್ತದೆ. ಜೊತೆಗೆ ಕಂಟ್ರೋಲರ್ ಒಂದು ನಿಜವಾದ ವಸ್ತು: ಬ್ಯಾಟು, ಕತ್ತಿ, ಟಾರ್ಚು ಹಿಡಿಯುವ ಆಟಗಳಲ್ಲಿ ಅಂಗೈಯಲ್ಲಿ ಏನೋ ಇದೆ ಎಂಬ ಅನುಭವ ತಾನಾಗಿಯೇ ಬರುತ್ತದೆ. ಬರಿಗೈಯನ್ನು ಕ್ಯಾಮೆರಾದಿಂದ ಗುರುತಿಸುವ ವಿಧಾನದಲ್ಲಿ ಅಷ್ಟೂ ಇರುವುದಿಲ್ಲ.

ಹಾಗೆಂದು ಬರಿಗೈ ಪೂರ್ತಿ ಖಾಲಿಯೂ ಅಲ್ಲ. 2000ದ ಸುಮಾರಿಗೆ ಫ್ರಾನ್ಸಿನಲ್ಲಿ ಅನತೋಲ್ ಲೆಕುಯೆ ಮತ್ತು ಅವರ ಸಂಗಡಿಗರು, ಪರದೆಯ ಮೇಲೆ ಸ್ಪ್ರಿಂಗ್ ಎಷ್ಟು ಕುಗ್ಗಿದಂತೆ ತೋರಿಸಲಾಗುತ್ತದೆ ಎಂಬುದರ ಮೇಲೆ ಅದು ಮೆದುವೋ ಬಿಗಿಯೋ ಎಂಬ ಕೈಯ ಅನಿಸಿಕೆಯೂ ಬದಲಾಗುತ್ತದೆಂದು ತೋರಿಸಿದರು. ವಿಆರ್‌ನಲ್ಲಿ ಇದನ್ನು ಖರ್ಚಿಲ್ಲದೆ ಬಳಸಬಹುದು: ಭಾರದ ಪೆಟ್ಟಿಗೆ ಎತ್ತುವಾಗ ಪರದೆಯ ಕೈ ನಿಜವಾದ ಕೈಗಿಂತ ತುಸು ಹಿಂದೆ ಬಿದ್ದರೆ ಪೆಟ್ಟಿಗೆ ಭಾರವೆನಿಸುತ್ತದೆ, ನಿಜವಾದ ಕೈ ಮೇಜಿನ ಒಳಗೆ ಹೋದರೂ ಪರದೆಯ ಕೈ ಮೇಜಿನ ಮೇಲೆಯೇ ನಿಂತರೆ ಮೇಜು ಗಟ್ಟಿಯೆನಿಸುತ್ತದೆ. ಯಾವ ಸಾಧನ ಕೊಂಡರೂ ಈ ಸಾಫ್ಟ್‌ವೇರ್ ಕೆಲಸ ಮೊದಲು ಆಗಿರಬೇಕು. ಇದಿಲ್ಲದ ಕಡೆ ದುಬಾರಿ ಗ್ಲೌಸ್ ಹಾಕಿದವರ ಬೆರಳುಗಳು ಗೋಡೆಯೊಳಗೆ ಹೊಕ್ಕು ಹೊರಬರುವುದನ್ನು ನಾನು ಕಂಡಿದ್ದೇನೆ, ಆ ಕ್ಷಣದಲ್ಲಿ ಗ್ಲೌಸ್ ಏನು ಮಾಡಿದರೂ ಫಲವಿಲ್ಲ.

ಕಂಪಿಸುವ ಗ್ಲೌಸ್ ಮತ್ತು ವೆಸ್ಟ್

ಕೈಗೆ ತೊಡುವ ಕಂಪಿಸುವ ಗ್ಲೌಸ್, ಎದೆ ಬೆನ್ನಿಗೆ ತೊಡುವ ಕಂಪಿಸುವ ವೆಸ್ಟ್, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆನ್ನಿನ ಚರ್ಮದಲ್ಲಿ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವೆ ಸುಮಾರು 40 ಮಿಲಿಮೀಟರ್ ಅಂತರ ಬೇಕು. ಬೆರಳ ತುದಿಗೆ ಸುಮಾರು 2 ಮಿಲಿಮೀಟರ್ ಸಾಕು. ಅಂದರೆ ಬೆನ್ನು ಒರಟು ಸುಳಿವನ್ನೂ ಒಪ್ಪಿಕೊಳ್ಳುತ್ತದೆ, ಬೆರಳು ಒಪ್ಪುವುದಿಲ್ಲ. ಮೇಲಾಗಿ ಎರಡು ಮೋಟರುಗಳು ಒಟ್ಟಿಗೆ ಕಂಪಿಸಿದರೆ ಅವುಗಳ ನಡುವಿನ ಜಾಗದಲ್ಲಿ ಕಂಪಿಸಿದಂತೆ ಚರ್ಮಕ್ಕೆ ಅನಿಸುತ್ತದೆ, ಒಂದರ ಹಿಂದೊಂದು ಕಂಪಿಸಿದರೆ ಏನೋ ಹರಿದು ಹೋದಂತೆ ಅನಿಸುತ್ತದೆ. ಕೊರಿಯಾದ ಬಿಹ್ಯಾಪ್ಟಿಕ್ಸ್ ಕಂಪನಿಯ ಟ್ಯಾಕ್ಟ್‌ಸೂಟ್ ಎಕ್ಸ್40 ವೆಸ್ಟ್‌ನಲ್ಲಿ 40 ಮೋಟರುಗಳಿವೆ; ಆಟದಲ್ಲಿ ಬೆನ್ನಿಗೆ ಪೆಟ್ಟು ಬಿದ್ದಾಗ, ಮಳೆ ಸುರಿದಾಗ ಅಷ್ಟೇ ಮೋಟರುಗಳಿಂದ ಒಳ್ಳೆಯ ಅನುಭವ ಸಿಗುವುದು ಈ ಕಾರಣದಿಂದಲೇ. ಅದು ಸುಮಾರು 500 ಡಾಲರ್‌ಗೆ ಮಾರುಕಟ್ಟೆಗೆ ಬಂದಿತ್ತು. ಹಿಂಜವಡಿಯ ಹುಡುಗನಿಗೆ ನಾನು ಹೇಳಿದ್ದು, ನೀನು ಹೆಚ್ಚಾಗಿ ಆಡುವ ಆಟಗಳು ವೆಸ್ಟ್‌ಗೆ ಹೊಂದಿಕೊಳ್ಳುತ್ತವೆಯೇ ಎಂದು ಮೊದಲು ನೋಡು. ಹೊಂದಿಕೊಂಡರೆ ವೆಸ್ಟ್ ಕೊಳ್ಳು, ಇಲ್ಲವಾದರೆ ಕಂಟ್ರೋಲರ್‌ನಲ್ಲೇ ಇರು.

ಕಂಪಿಸುವ ಗ್ಲೌಸ್ ವಿಷಯ ಬೇರೆ. ಬೆರಳ ತುದಿಗೊಂದರಂತೆ ಮೋಟರ್ ಇರುವ ಇವು ಗುಂಡಿ ಒತ್ತಿದ್ದು, ವಸ್ತು ತಾಕಿದ್ದು ತಿಳಿಸುವುದಕ್ಕೆ ಸಾಕು. ಯಾವ ಬೆರಳು ತಾಕಿತು ಎಂಬುದು ಮುಖ್ಯವಾದ ಕೆಲಸಗಳಲ್ಲಿ, ಉದಾಹರಣೆಗೆ ಕಂಟ್ರೋಲ್ ಪ್ಯಾನೆಲಿನ ಸ್ವಿಚ್ಚುಗಳ ಅಭ್ಯಾಸದಲ್ಲಿ, ನಾನು ಇವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಇಳಕಲ್ ಸೀರೆಯ ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿಕ್ಕಿದಾಗ ರೇಷ್ಮೆಯ ಸೆರಗು ಎಲ್ಲಿ ಮುಗಿಯಿತು, ಹತ್ತಿಯ ಒಡಲು ಎಲ್ಲಿ ಶುರುವಾಯಿತು ಎಂಬುದು ಬೆರಳಿಗೆ ತಿಳಿಯುತ್ತದಲ್ಲ, ಆ ಜಾತಿಯ ಸೂಕ್ಷ್ಮವನ್ನು ಒಂದು ಬೆರಳಿಗೆ ಒಂದು ಮೋಟರ್ ಕೊಡಲಾರದು.

ಬೆರಳನ್ನು ತಡೆಯುವ ಗ್ಲೌಸ್

ಮುಂದಿನ ಮೆಟ್ಟಿಲು ಬೆರಳು ಮಡಚುವುದನ್ನೇ ತಡೆಯುವ ಗ್ಲೌಸ್. ನೆದರ್ಲೆಂಡ್ಸ್‌ನ ಸೆನ್ಸ್‌ಗ್ಲೋವ್ ನೋವಾದಲ್ಲಿ ಬೆರಳುಗಳಿಗೆ ಕಟ್ಟಿದ ದಾರಗಳನ್ನು ಕೈಯ ಹಿಂಬದಿಯ ಬ್ರೇಕುಗಳು ಹಿಡಿದು ನಿಲ್ಲಿಸುತ್ತವೆ. ಕಿರುಬೆರಳನ್ನು ಬಿಟ್ಟು ಉಳಿದ ಬೆರಳುಗಳಿಗೆ ತಲಾ 20 ನ್ಯೂಟನ್ ವರೆಗೆ, ಅಂದರೆ ಸುಮಾರು ಎರಡು ಕಿಲೋ ತೂಕದಷ್ಟು, ತಡೆ ಸಿಗುತ್ತದೆ. ಪರದೆಯ ಮೇಲಿನ ಚೆಂಡನ್ನು ಹಿಡಿದಾಗ ಬೆರಳುಗಳು ಚೆಂಡಿನ ಗಾತ್ರಕ್ಕೆ ನಿಂತುಬಿಡುವುದು ಮೊದಲ ಸಲ ಅನುಭವಿಸಿದವರಿಗೆ ಮರೆಯಲಾಗದ ಕ್ಷಣ. ಅಮೆರಿಕದ ಹ್ಯಾಪ್ಟ್‌ಎಕ್ಸ್ ಇನ್ನೂ ಮುಂದೆ ಹೋಗಿದೆ: ಅದರ ಜಿ1 ಗ್ಲೌಸ್‌ನಲ್ಲಿ ಗಾಳಿಯಿಂದ ಉಬ್ಬುವ 135 ಪುಟ್ಟ ಗುಳ್ಳೆಗಳು ಒಂದೊಂದು ಕೈಯ ಚರ್ಮವನ್ನು ನಿಜವಾಗಿಯೂ ಒತ್ತುತ್ತವೆ, ಆದ್ದರಿಂದ ಮರ್ಕೆಲ್ ಗ್ರಾಹಕಗಳಿಗೂ ಅಲ್ಲಿ ಪಾಲು ಸಿಗುತ್ತದೆ. 2022ರಲ್ಲಿ ಒಂದು ಜೊತೆಗೆ 5,495 ಡಾಲರ್ ಎಂದು ಬೆಲೆ ಪ್ರಕಟಿಸಿದ್ದರು. ಸಾಫ್ಟ್‌ವೇರಿನ ಚಂದಾ ಬೇರೆ, ಗಾಳಿ ಒದಗಿಸುವ ಪೆಟ್ಟಿಗೆಯನ್ನು ಬೆನ್ನಿಗೆ ಹೊರಬೇಕು ಅಥವಾ ಪಕ್ಕದಲ್ಲಿಡಬೇಕು.

ಈ ಎರಡೂ ಗ್ಲೌಸ್‌ಗಳಿಗೆ ಒಂದು ಸಮಾನ ಮಿತಿಯಿದೆ, ಅದನ್ನು ಮಾರುವವರು ಸಾಮಾನ್ಯವಾಗಿ ಮೊದಲು ಹೇಳುವುದಿಲ್ಲ. ಬೆರಳನ್ನು ತಡೆಯುವ ಬಲಕ್ಕೆ ಆಧಾರ ನಿಮ್ಮದೇ ಕೈಯ ಹಿಂಬದಿ; ನೆಲಕ್ಕೋ ಗೋಡೆಗೋ ಅದು ಕಟ್ಟಿಕೊಂಡಿಲ್ಲ. ಆದ್ದರಿಂದ ಬೆರಳು ಚೆಂಡಿನೊಳಗೆ ಹೋಗದಂತೆ ಅದು ತಡೆಯಬಲ್ಲದು, ತೋಳು ಗೋಡೆಯೊಳಗೆ ಹೋಗದಂತೆ ತಡೆಯಲಾರದು. ಹಿಡಿದದ್ದರ ಆಕಾರ ಹೇಳಬಲ್ಲದು, ತೂಕ ಹೇಳಲಾರದು. ಹಿಡಿತವೇ ಮುಖ್ಯವಾದ ಕೆಲಸ, ಉದಾಹರಣೆಗೆ ದೂರದ ರೋಬಾಟ್ ಕೈಯನ್ನು ನಡೆಸುವುದು, ನಿಮ್ಮದಾಗಿದ್ದರೆ ಈ ಹಣ ಸಾರ್ಥಕ.

ನಿಜವಾದ ವಸ್ತು

ಚಿತ್ರದ ವಸ್ತು ಇರುವಲ್ಲೇ ನಿಜವಾದ ವಸ್ತುವನ್ನೂ ಇಡುವ ದಾರಿಯನ್ನು ನಮ್ಮ ಕಚೇರಿ ಕಲಿತದ್ದು ಒಂದು ಸೋಲಿನಿಂದ. ಕಾರ್ಖಾನೆಯೊಂದಕ್ಕೆ ಟಾರ್ಕ್ ರೆಂಚ್ (ನಿಗದಿಯಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಮುಟ್ಟಿದ್ದನ್ನು ತಿಳಿಸುವ ಪಾನಾ) ಬಳಸುವ ಪಾಠ ಮಾಡಿಕೊಡುವಾಗ ನಾವು ಕಂಪಿಸುವ ಗ್ಲೌಸ್ ತೊಡಿಸಿದ್ದೆವು. ಕಲಿಯಲು ಬಂದ ಹುಡುಗನೊಬ್ಬ ಹೆಡ್‌ಸೆಟ್ ತೆಗೆದು, “ಸರ್, ಪಾನಾ ಹಿಡಿದ ಹಾಗೆ ಅನಿಸುವುದಿಲ್ಲ, ಬೆರಳಿಗೆ ಇರುವೆ ಹತ್ತಿದ ಹಾಗೆ ಆಗುತ್ತದೆ” ಎಂದ. ಅವನ ಮಾತು ಅಕ್ಷರಶಃ ಸರಿಯಾಗಿತ್ತು. ಕಾರಿನ ಚಕ್ರದ ನಟ್ಟನ್ನು ಬಿಗಿಯಲು ಸುಮಾರು 100 ನ್ಯೂಟನ್ ಮೀಟರ್ ಟಾರ್ಕ್ ಬೇಕು ಎಂದಿಟ್ಟುಕೊಳ್ಳಿ. ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ ಅದು 200 ನ್ಯೂಟನ್ ಬಲ, ಹೆಚ್ಚುಕಡಿಮೆ 20 ಕಿಲೋ ಎಳೆತ. ಇಡೀ ತೋಳು, ಹೆಗಲು, ಊರಿದ ಕಾಲು ಅದರಲ್ಲಿ ಪಾಲುಗೊಳ್ಳುತ್ತವೆ. ಯಾವ ಗ್ಲೌಸ್ ಅದನ್ನು ಕೊಟ್ಟೀತು?

ಆಮೇಲೆ ನಾವು ಮಾಡಿದ್ದು ಸರಳ. ನಿಜವಾದ ಟಾರ್ಕ್ ರೆಂಚಿನ ಹಿಡಿಕೆಗೆ ಹೆಡ್‌ಸೆಟ್ಟಿನ ಕಂಟ್ರೋಲರನ್ನೇ ಒಂದು 3ಡಿ ಪ್ರಿಂಟ್ ಕ್ಲ್ಯಾಂಪಿನಿಂದ ಬಿಗಿದೆವು. ಕಂಟ್ರೋಲರ್ ಯಾವಾಗಲೂ ಹೆಡ್‌ಸೆಟ್ಟಿನ ಕ್ಯಾಮೆರಾಗಳಿಗೆ ಕಾಣುವಂತೆ ಕ್ಲ್ಯಾಂಪನ್ನು ಹಿಡಿಕೆಯ ಮೇಲ್ಬದಿಗೆ ಕೂರಿಸಿದೆವು. ಕಬ್ಬಿಣದ ಸ್ಟ್ಯಾಂಡಿಗೆ ನಿಜವಾದ ಬೋಲ್ಟ್ ಹಾಕಿ, ಪರದೆಯ ಎಂಜಿನ್ನಿನ ಬೋಲ್ಟ್ ಸರಿಯಾಗಿ ಅದರ ಮೇಲೆಯೇ ಬರುವಂತೆ ಹೊಂದಿಸಿದೆವು. ನಿಗದಿಯಾದ ಟಾರ್ಕ್ ಮುಟ್ಟಿದಾಗ ರೆಂಚಿನೊಳಗಿನ ‘ಟಕ್’ ಅಂಗೈಗೆ ಬಡಿಯುತ್ತದೆ. ಆ ಒಂದು ಟಕ್‌ಗಾಗಿಯೇ ಆ ಪಾಠ ಇರುವುದು. ಈಗ ಭಾರ ನಿಜ, ತಣ್ಣನೆಯ ಉಕ್ಕು ನಿಜ, ಟಕ್ ನಿಜ. ಸುತ್ತಲಿನ ಕಾರ್ಖಾನೆ ಮಾತ್ರ ಚಿತ್ರ.

ಈ ದಾರಿಯ ಬಲವನ್ನು ಸಂಶೋಧಕರು ಬಹಳ ಹಿಂದೆಯೇ ಅಳೆದು ನೋಡಿದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಆಳವಾದ ಹೊಂಡದ ಅಂಚಿನಲ್ಲಿ ನಿಲ್ಲುವ ವಿಆರ್ ದೃಶ್ಯ ಮಾಡಿ, ಭಾಗವಹಿಸಿದವರ ಕಾಲಡಿಗೆ ಒಮ್ಮೆ ಒಂದೂವರೆ ಇಂಚು ಎತ್ತರದ ಮರದ ಹಲಗೆ ಇಟ್ಟು, ಒಮ್ಮೆ ಇಡದೆ ನೋಡಿದರು. ಪಾದದ ತುದಿಗೆ ಹಲಗೆಯ ಅಂಚು ಸಿಕ್ಕಾಗ ಎದೆಬಡಿತ ಇನ್ನಷ್ಟು ಏರಿತೆಂದು 2002ರಲ್ಲಿ ಪ್ರಕಟವಾಯಿತು. ಹೊಂಡದ ಆಳವನ್ನು ಕಣ್ಣು ತುಂಬಿಕೊಟ್ಟಿತು, ಹಲಗೆ ಅಂಚನ್ನಷ್ಟೇ ಕೊಟ್ಟಿತು. ಕಣ್ಣಿಗೂ ಕೈಗೂ ಸಣ್ಣ ವ್ಯತ್ಯಾಸ ಬಂದರೆ ಮನಸ್ಸು ಸಾಮಾನ್ಯವಾಗಿ ಕಣ್ಣನ್ನು ನಂಬುತ್ತದೆ. ಇದನ್ನೇ ಬಳಸಿ 2016ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಒಂದೇ ಘನಾಕಾರದ ತುಂಡನ್ನು ಹಲವು ತುಂಡುಗಳಂತೆ ಮುಟ್ಟಿಸಿ ತೋರಿಸಿದರು.

ಇದಕ್ಕೂ ಬೆಲೆಯಿದೆ. ಪ್ರತಿ ಪಾಠಕ್ಕೂ ಬೇರೆ ಸ್ಟ್ಯಾಂಡ್, ಬೇರೆ ಜಾಗ ಬೇಕು. ಚಿತ್ರ ಬದಲಾದರೆ ವಸ್ತುವೂ ಬದಲಾಗಬೇಕು. ಯಾರಾದರೂ ಸ್ಟ್ಯಾಂಡನ್ನು ಒಂದು ಗೇಣು ಸರಿಸಿದರೆ ಎಲ್ಲವೂ ತಪ್ಪುತ್ತದೆ. ಸುರಕ್ಷತೆಯ ಮಾತನ್ನೂ ಹೇಳಲೇಬೇಕು: ನಮ್ಮ ಮಾವನವರು ಮನೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡಾಗ ಕಣ್ಣಿಗೆ ಕಂಡ ಮೇಜಿಗೆ ಕೈಯೂರಿ ಬಗ್ಗಲು ಹೋಗಿ ಮುಗ್ಗರಿಸಿದರು, ಪಕ್ಕದಲ್ಲಿದ್ದ ನನ್ನ ಹೆಂಡತಿ ಹಿಡಿದುಕೊಂಡಳು. ಅಂದಿನಿಂದ ಊಟದ ಮೇಜು ಇರುವಲ್ಲಿಯೇ ಚಿತ್ರದ ಮೇಜನ್ನೂ ಇಡುತ್ತೇವೆ. ನಂಬಿಸುವ ದೃಶ್ಯದಲ್ಲಿ ಊರಲು ಯೋಗ್ಯವಾಗಿ ಕಾಣುವ ಪ್ರತಿಯೊಂದೂ ನಿಜವಾಗಿ ಅಲ್ಲಿರಬೇಕು, ಇಲ್ಲವೇ ಕೈಗೆಟಕದಷ್ಟು ದೂರವಿರಬೇಕು.

ಮೇಜಿಗೆ ಕೂತ ತೋಳು, ಗಾಳಿಯಲ್ಲಿನ ಒತ್ತಡ

ವೈದ್ಯಕೀಯ ಅಥವಾ ದಂತವೈದ್ಯಕೀಯ ಕಲಿಯುವವರಿಗೆ ಮೇಲಿನ ಯಾವುದೂ ಸರಿಹೋಗುವುದಿಲ್ಲ. ಅವರ ಕೈಯಲ್ಲಿರುವುದು ಒಂದು ಉಪಕರಣದ ತುದಿ. ಹಲ್ಲಿನ ಗಟ್ಟಿ ಎನಾಮೆಲ್ ದಾಟಿ ಮೆತ್ತಗಿನ ಹುಳುಕಿಗೆ ಇಳಿದದ್ದು ಆ ತುದಿಯ ಮೂಲಕ ತಿಳಿಯಬೇಕು. 1990ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸ್ಯಾಲಿಸ್ಬರಿ ರೂಪಿಸಿದ ಫ್ಯಾಂಟಮ್ ಸಾಧನದ ಕುಲದಲ್ಲಿ ಬಂದ 3ಡಿ ಸಿಸ್ಟಮ್ಸ್ ಟಚ್ ಎಂಬ ಮೇಜಿನ ತೋಳು, ಪೆನ್ನಿನಂತೆ ಹಿಡಿದ ಕೈಗೆ 3.3 ನ್ಯೂಟನ್ ವರೆಗೆ ಎದುರು ಬಲ ಕೊಡುತ್ತದೆ. ಬಲ ಕಡಿಮೆ, ಆದರೆ ಆಧಾರ ಮೇಜಿನದು, ಆದ್ದರಿಂದ ಅದು ಗೋಡೆಯನ್ನು ಗೋಡೆಯಾಗಿಯೇ ತೋರಿಸಬಲ್ಲದು. ಚಿತ್ರವು ಸೆಕೆಂಡಿಗೆ 90 ಬಾರಿ ಹೊಸದಾದರೆ ಸಾಕು, ಇಂಥ ತೋಳಿನ ಬಲವನ್ನು ಸೆಕೆಂಡಿಗೆ ಸುಮಾರು 1,000 ಬಾರಿ ಲೆಕ್ಕಹಾಕಬೇಕು. ಇಲ್ಲವಾದರೆ ಗಟ್ಟಿ ಮೇಲ್ಮೈ ನಡುಗತೊಡಗುತ್ತದೆ. ಹಲ್ಲಿನ ಪಾಠಕ್ಕೆಂದೇ ಸಿದ್ಧವಾದ ಸಿಮೊಡಾಂಟ್‌ನಂಥ ಯಂತ್ರಗಳಿವೆ, ಅವು ಕಾಲೇಜುಗಳು ಕೊಳ್ಳುವಂಥವು.

ಪ್ರದರ್ಶನ, ವಸ್ತುಸಂಗ್ರಹಾಲಯದಂಥ ಕಡೆ ಅಲ್ಟ್ರಾಸೌಂಡ್ ಫಲಕ ಒಳ್ಳೆಯದು. 40 ಕಿಲೋಹರ್ಟ್ಸ್‌ನ ಹಲವು ಪುಟ್ಟ ಸ್ಪೀಕರುಗಳ ಅಲೆಗಳು ಒಂದೇ ಬಿಂದುವಿನಲ್ಲಿ ಸೇರಿ ಬರಿ ಅಂಗೈಗೆ ಮೃದುವಾದ ಒತ್ತಡ ಕೊಡುತ್ತವೆ. ಏನನ್ನೂ ತೊಡಬೇಕಿಲ್ಲ, ಬೆವರಿನ ಚಿಂತೆಯಿಲ್ಲ. ಬಲ ಮಾತ್ರ ತೀರ ಹಗುರ, ಫಲಕದ ಮೇಲ್ಗಡೆ ಕೈ ಹಿಡಿದಷ್ಟೇ ಜಾಗದಲ್ಲಿ ಸಿಗುತ್ತದೆ.

ಆಯ್ಕೆಗೆ ಕೂರುವ ಮುನ್ನ

ಚಾಕಣದ ಸ್ನೇಹಿತರು ಕೊನೆಗೆ ಗ್ಲೌಸ್ ಬಿಟ್ಟು ಸ್ಟ್ಯಾಂಡಿನ ದಾರಿ ಹಿಡಿದಿದ್ದಾರೆ. ಪ್ಯಾನೆಲಿನ ಪಾಠವೊಂದಕ್ಕೆ ಮಾತ್ರ ಕಂಪಿಸುವ ಗ್ಲೌಸ್ ಇಟ್ಟುಕೊಂಡು, ಒಬ್ಬೊಬ್ಬರಿಗೂ ಒಳಗೆ ತೊಡಲು ತೆಳು ಹತ್ತಿಯ ಗ್ಲೌಸ್ ಬೇರೆ ಕೊಡುತ್ತಾರೆ. ವಿದ್ಯಾರ್ಥಿನಿಗೆ ನಾನು ಕೊಳ್ಳುವುದೇ ಬೇಡವೆಂದೆ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಒಂದು ಇಎಸ್‌ಪಿ32 ಬೋರ್ಡ್ (ಅಗ್ಗದ ಪುಟ್ಟ ಕಂಪ್ಯೂಟರ್), ನಾಣ್ಯದಾಕಾರದ ಐದು ಮೋಟರು ಹುಡುಕಿಕೊಂಡು, ಮೋಟರಿಗೊಂದರಂತೆ ಅದನ್ನು ಕಂಪಿಸುವಂತೆ ನಡೆಸುವ ಡಿಆರ್‌ವಿ2605ಎಲ್ ಚಿಪ್ ಅಲ್ಲಿ ಸಿಗದಿದ್ದರೆ ಆನ್‌ಲೈನ್ ತರಿಸಿಕೊಂಡರೆ ಕೆಲವೇ ಸಾವಿರದಲ್ಲಿ ಗ್ಲೌಸ್ ಸಿದ್ಧವಾಗುತ್ತದೆ. ಆ ಚಿಪ್ಪಿನಲ್ಲೇ 100ಕ್ಕೂ ಹೆಚ್ಚು ಬಗೆಯ ಕಂಪನಗಳು ಅಡಕವಾಗಿವೆ. ಬೆರಳು ತಡೆಯುವುದೂ ಬೇಕಾದರೆ ಲ್ಯೂಸಿಡ್‌ಗ್ಲೌಸ್ ಎಂಬ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಯೋಜನೆಯ ನಕ್ಷೆಗಳಿವೆ. ಅದರಲ್ಲಿ ದಾರದ ಸುರುಳಿಯನ್ನು ಸರ್ವೋ ಮೋಟರ್ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟರ್) ತಡೆಯುತ್ತದೆ. ಒಂದು ಮೋಟರ್, ಒಂದು ಬೆರಳು, ಪರದೆಯ ಮೇಲೆ ಒಂದು ಗುಂಡಿ, ಇಷ್ಟರಲ್ಲಿ ಹೊತ್ತಿನ ಹೊಂದಿಕೆಯನ್ನು ಪೂರ್ತಿ ಸರಿಪಡಿಸಿಕೊಂಡ ಮೇಲೆಯೇ ಎರಡನೆಯ ಬೆರಳಿಗೆ ಹೋಗಬೇಕೆಂದು ಅವಳಿಗೆ ಹೇಳಿದ್ದೇನೆ.

ಯಾವುದನ್ನೇ ಕೊಳ್ಳುವುದಾದರೂ ಮಾರುವವರ ಡೆಮೊದಲ್ಲಿ ಅವರ ಚೆಂಡು ಹಿಡಿದು ಮೆಚ್ಚಿ ಬರಬೇಡಿ. ನಿಮ್ಮ ಕೆಲಸದ ಒಂದು ಸಣ್ಣ ದೃಶ್ಯವನ್ನು ಒಯ್ದು, ದಿನವೂ ಆ ಕೆಲಸ ಮಾಡುವವರ ಕೈಯಲ್ಲಿ ಇಪ್ಪತ್ತು ನಿಮಿಷ ಮಾಡಿಸಿ. ಹೆಡ್‌ಸೆಟ್ ತೆಗೆದ ಕೂಡಲೇ, ನೀವೇನೂ ಹೇಳುವ ಮೊದಲು, ಕೈಗೆ ಏನು ಸಿಗಲಿಲ್ಲವೆಂದು ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ.